ಬಾಯಿಗಳ ಹಾಜರಿ

ಮಿಡತೆಗೆ ಆಗ ಒಂಬತ್ತು ವರ್ಷ. ಹುಟ್ಟಿದಾಗ ಇಟ್ಟ ಹೆಸರು ಬೇರೆಯಿತ್ತು. ಆದರೆ ಶಾಲೆಯ ಹಾಜರಿ ಪುಸ್ತಕವನ್ನು ಬಿಟ್ಟರೆ ಅದನ್ನು ಬೇರೆಲ್ಲಿಯೂ ಯಾರೂ ಬಳಸುತ್ತಿರಲಿಲ್ಲ. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ, ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ನೆಗೆಯುತ್ತಿದ್ದ ಮಗಳಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಅದು. ಆ ವರ್ಷ ಶಾಲೆಗೆ ರಜೆ ಬಂದಾಗ ಅವಳನ್ನು ಹದಿನೈದು ದಿನಗಳ ಮಟ್ಟಿಗೆ ದೊಡ್ಡ ಪಟ್ಟಣದಲ್ಲಿದ್ದ ದೊಡ್ಡಮ್ಮನ ಮನೆಗೆ ಕಳಿಸಿದರು. ರೈಲು ನಿಲ್ದಾಣದಲ್ಲಿ ಅಪ್ಪ ಅವಳ ಕೈಯನ್ನು ದೊಡ್ಡಮ್ಮನ ಕೈಯಲ್ಲಿಟ್ಟು, ಅಮ್ಮ ಬರೆದುಕೊಟ್ಟಿದ್ದ ಒಂದು ಕಾಗದವನ್ನೂ ಕೊಟ್ಟು, ಮರುರೈಲಿಗೆ ಓಡಿದರು. ಕಾಗದದಲ್ಲಿ ಎರಡೇ ಸಾಲು ಇದ್ದವು: "ಅಕ್ಕಾ, ಇವಳ ಕೈಗೆ ಏನಾದರೂ ಕೆಲಸ ಕೊಟ್ಟಿರು. ಕೊಡದಿದ್ದರೆ ಅವಳೇ ಹುಡುಕಿಕೊಳ್ಳುತ್ತಾಳೆ." ದೊಡ್ಡಮ್ಮ ಅದನ್ನು ಓದಿ ನಕ್ಕರು. ಮೂರನೆಯ ದಿನ ಅದೇ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ಮತ್ತೊಮ್ಮೆ ಓದಿದರು, ಆಗ ನಗಲಿಲ್ಲ.

ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು. ದೊಡ್ಡಮ್ಮನ ಮನೆ ಇದ್ದದ್ದು ಎಂಟು ಅಂತಸ್ತಿನ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ. ಮೊದಲನೆಯ ದಿನವೇ ಮಿಡತೆ ಲಿಫ್ಟಿನ ಎಂಟೂ ಗುಂಡಿಗಳನ್ನು ಒತ್ತಿ, ತಾನು ಹೊರಗೆ ಜಿಗಿದುಬಿಟ್ಟಳು. ಒಳಗೆ ಉಳಿದ ಟೈ ಕಟ್ಟಿದ ಮಹನೀಯರೊಬ್ಬರು ಪ್ರತಿ ಅಂತಸ್ತಿನಲ್ಲೂ ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತ ನಿಂತು, ಕಚೇರಿಗೆ ತಡವಾಗಿ ಹೋದರು. ಎರಡನೆಯ ದಿನ ಸ್ನಾನದ ಮನೆಯ ನೀರು ಹೋಗುವ ತೂತಿಗೆ ಕಾಲುಚೀಲ ತುರುಕಿ, ನಲ್ಲಿ ಬಿಟ್ಟು, ದೊಡ್ಡಪ್ಪನ ಚಪ್ಪಲಿಗಳನ್ನು ದೋಣಿ ಮಾಡಿ ತೇಲಿಸಿದಳು. ದೋಣಿಗಳು ಹೊಸ್ತಿಲು ದಾಟಿ ನಡುಮನೆಗೆ ಬಂದವು. ನೀರು ಅಷ್ಟಕ್ಕೇ ನಿಲ್ಲದೆ ಕೆಳಗಿನ ಮನೆಯವರ ಮಂಚದ ಮೇಲೆ ತೊಟ್ಟಿಕ್ಕಿತು. ಮೂರನೆಯ ದಿನ, ಯಾವುದು ಮೊದಲು ನೆಲ ಮುಟ್ಟುತ್ತದೆ ಎಂದು ನೋಡಲು ಬಾಲ್ಕನಿಯಿಂದ ಒಂದು ಚಮಚವನ್ನೂ ಒಂದು ಟೊಮೆಟೊ ಹಣ್ಣನ್ನೂ ಒಟ್ಟಿಗೆ ಬಿಟ್ಟಳು. ಟೊಮೆಟೊ ನೆಲ ಮುಟ್ಟಲೇ ಇಲ್ಲ. ಕಾವಲುಗಾರನ ಟೋಪಿ ಅಡ್ಡ ಬಂತು.

ದೊಡ್ಡಮ್ಮ ಮನೆಮನೆಯ ಬಾಗಿಲು ತಟ್ಟಿ, "ಮಗು, ಹೊಸ ಜಾಗ ನೋಡಿ" ಎಂದು ಹೇಳಿ ಹೇಳಿ ಸೋತರು. ಮೂರನೆಯ ದಿನ ಊಟದ ಹೊತ್ತಿಗೆ ಗಂಡನೆದುರು ಕುಳಿತು ಹೇಳಿದರು:

"ರೀ, ಇವಳನ್ನ ನಿಮ್ಮ ಕೋಣೇಲಿ ಕೂರಿಸ್ಕೊಳ್ಳಿ. ಕ್ಷಮೆ ಕೇಳೋಕೆ ಇನ್ನು ನನಗೆ ಬಾಗಿಲು ಉಳಿದಿಲ್ಲ."

"ನನ್ನ ಕೋಣೇಲಿ ಇರೋದೆಲ್ಲ ಒಡೆಯೋ ಸಾಮಾನು ಕಣೇ."

"ನನ್ನ ಮಾನಕ್ಕಿಂತ ಗಟ್ಟಿಯಾಗಿದೆ, ಬಿಡಿ."

ದೊಡ್ಡಪ್ಪ ಮಿಡತೆಯ ಕಡೆ ನೋಡಿದರು. ಅವಳು ತಟ್ಟೆಯ ಅಂಚಿನಲ್ಲಿ ಬಟಾಣಿ ಕಾಳುಗಳನ್ನು ಸಾಲು ನಿಲ್ಲಿಸುತ್ತಿದ್ದಳು. "ಬರ್ತೀಯೇನಮ್ಮ?" ಎಂದು ಕೇಳಿದರು. ಬೈಯದೆ ತನ್ನನ್ನು ಮಾತಾಡಿಸಿದವರನ್ನು ಮಿಡತೆ ಆ ದಿನ ಮೊದಲ ಸಲ ಕಂಡಳು.

ದೊಡ್ಡಪ್ಪ ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ, ಆ ಅಳತೆಗೆ ಪ್ಲಾಸ್ಟರ್ ಹಿಟ್ಟು ಕಲಸಿ ಹೊಯ್ದು ಬಾಯಿಯ ಅಚ್ಚು ಮಾಡಿ, ಅಚ್ಚಿನ ಮೇಲೆ ಮೇಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ಅರದಿಂದ ಉಜ್ಜಿ, ಹೊಳಪು ಕೊಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಮೂವತ್ತೊಂದು ವರ್ಷಗಳಿಂದ ಅದೇ ಕೆಲಸ, ಅದೇ ಒಬ್ಬರು ಡಾಕ್ಟರರು. ಕಟ್ಟಡದವರು ಅವರನ್ನು ಹಲ್ಲಪ್ಪ ಎಂದು ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವಿರಲಿಲ್ಲ. ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ; ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ತಬ್ಬಿಬ್ಬಾಗುತ್ತಿದ್ದರು. ಆ ಮನುಷ್ಯ ನಕ್ಕರೆ ಮಾತ್ರ, "ಓ, ಮೇಲಿನ ಎಡಗಡೆ ನಾಲ್ಕನೇದು" ಎಂದು ಗುರುತು ಹಿಡಿದು ಕ್ಷೇಮ ವಿಚಾರಿಸುತ್ತಿದ್ದರು.

ಅವರ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಸ್ಪಿರಿಟ್ ದೀಪ, ಹಿಟ್ಟು ಕಲಸುವ ರಬ್ಬರ್ ಬಟ್ಟಲು, ಸಣ್ಣ ಚಾಕುಗಳು. ಬಿಳಿಯಿಂದ ಹಿಡಿದು ಹಳದಿಯವರೆಗೆ ಬಣ್ಣಬಣ್ಣದ ಹಲ್ಲುಗಳನ್ನು ಜೋಡಿಸಿದ ಒಂದು ಪಟ್ಟಿ. ಎದುರು ಗೋಡೆಗೆ ಐದು ಹಲಗೆಯ ಕಪಾಟು, ಅದರ ತುಂಬ ಬಾಯಿಗಳು. ಮೇಲುಬಾಯಿ, ಕೆಳಬಾಯಿ ಜೋಡಿ ಜೋಡಿಯಾಗಿ ಕುಳಿತು, ಏನೋ ಹೇಳಲು ಹೊರಟು ಸುಮ್ಮನಾದವರಂತೆ ಕಾಣುತ್ತಿದ್ದವು.

"ಸ್ಟೂಲ್ ಮೇಲೆ ಕೂತ್ಕೋ. ಕೈ ಎರಡೂ ತೊಡೆ ಮೇಲೆ" ಎಂದರು ದೊಡ್ಡಪ್ಪ. "ಕಣ್ಣಿಂದ ಏನು ಬೇಕಾದ್ರೂ ಮುಟ್ಟು."

ಮಿಡತೆ ಕಣ್ಣಿಂದ ಮುಟ್ಟಿದಳು. ದೊಡ್ಡಪ್ಪ ಒಂದು ಅಚ್ಚು ತೆಗೆದು ತೋರಿಸಿ, "ನೋಡು, ಇವರು ಬಲಗಡೆ ಮಾತ್ರ ಅಗೀತಾರೆ" ಎಂದರು. ಇನ್ನೊಂದನ್ನು ಎತ್ತಿ, "ಇವರು ದರ್ಜಿ ಇರಬೇಕು. ಹಲ್ಲಲ್ಲಿ ದಾರ ಕಡಿದು ಕಡಿದು ಇಲ್ಲೊಂದು ಕಚ್ಚು ಬಿದ್ದಿದೆ" ಎಂದರು. ಒಂದೊಂದು ಅಚ್ಚಿನ ಕೆಳಗೂ ಒಂದೊಂದು ಚೀಟಿ ಇತ್ತು. ಅದರಲ್ಲಿ ಆ ಬಾಯಿಯವರ ಗುರುತು ಮತ್ತು ನಂಬರು.

"ಇದರ ಮೇಲೇ ಬರೆದುಬಿಟ್ರೆ ಆಗಲ್ವಾ ದೊಡ್ಡಪ್ಪ?"

"ಬೇರೆಯವರೆಲ್ಲ ಹಾಗೇ ಮಾಡ್ತಾರೆ. ನನಗೆ ಮನಸ್ಸು ಬರಲ್ಲ. ಇದು ಒಬ್ಬರ ಬಾಯಿ ಕಣಮ್ಮ. ಬಾಯಿ ಮೇಲೆ ಗೀಚ್ತಾರಾ ಯಾರಾದ್ರೂ?"

ದೊಡ್ಡಮ್ಮ ಹೊರಗಿನಿಂದಲೇ, "ಮೂವತ್ತು ವರ್ಷದಿಂದ ಹೇಳ್ತಿದೀನಿ, ನನ್ನ ಮಾತು ಕೇಳಿದ್ರೆ ತಾನೇ" ಎಂದರು. ದೊಡ್ಡಪ್ಪ ಮಿಡತೆಗೆ ಕಣ್ಣು ಮಿಟುಕಿಸಿ, "ಒಂದು ದಿನಾನೂ ಅದಲು ಬದಲು ಆಗಿಲ್ಲ, ಕೇಳು ಬೇಕಾದ್ರೆ" ಎಂದರು.

ಅವರ ಜಂಬ ಅದೊಂದೇ. ಬೇರೆ ಯಾವುದಕ್ಕೂ ಅವರು ಜಂಬ ಪಟ್ಟದ್ದನ್ನು ಯಾರೂ ಕಾಣರು.

ಆ ದಿನ ಹೊಸದಾಗಿ ಹೊಯ್ದು ಮೇಜಿನ ಮೇಲೆ ಒಣಗಲಿಟ್ಟಿದ್ದದ್ದು ಕೆಳಮನೆ ಅಜ್ಜಿಯ ಬಾಯಿ. ನೆಲ ಅಂತಸ್ತಿನಲ್ಲಿ ಒಬ್ಬರೇ ಇದ್ದ ಆ ಅಜ್ಜಿ ಕೆಲಸದಲ್ಲಿದ್ದಾಗ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದವರು. ಒಂದು ಕಾಲಕ್ಕೆ ಅರ್ಧ ಪಟ್ಟಣ ಅವರ ದನಿ ಕೇಳಿಸಿಕೊಂಡೇ ತನ್ನ ಮಾತು ಶುರು ಮಾಡುತ್ತಿತ್ತು. ಈಗ ಹಲ್ಲುಗಳೆಲ್ಲ ಹೋಗಿ, ಬಾಯಿಗೆ ಕರ್ಚೀಫು ಅಡ್ಡ ಹಿಡಿಯದೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬರುವ ವಾರ ಅವರ ತಂಗಿ ಬರುವವರಿದ್ದರು. ಅಕ್ಕ ತಂಗಿ ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ತಂಗಿಯೊಂದಿಗೆ ಕರ್ಚೀಫಿಲ್ಲದೆ ಮಾತಾಡಬೇಕೆಂಬುದು ಅಜ್ಜಿಯ ಆಸೆ. ದಿನ ಕಡಿಮೆಯಿದ್ದುದರಿಂದ ಡಾಕ್ಟರರು, "ನಡುವೆ ಮೇಣದ ಹಲ್ಲು ಕೂರಿಸಿ ನೋಡೋದು ಈ ಸಲ ಬೇಡ. ನಿಮ್ಮ ಕೈ ನನಗೆ ಗೊತ್ತಲ್ಲ, ನೇರ ಮುಗಿಸಿಬಿಡಿ" ಎಂದಿದ್ದರು.

ಅಜ್ಜಿ ಮೆಟ್ಟಿಲ ಬಳಿ ಮಿಡತೆಯನ್ನು ಕಂಡಾಗಲೆಲ್ಲ ಕರ್ಚೀಫಿನ ಹಿಂದಿನಿಂದ, "ಶಂಜೆ ಬಾ ಪುಟ್ಟಾ, ಬಿಶ್ಕತ್ತು ಕೊಡ್ತೀನಿ" ಎನ್ನುತ್ತಿದ್ದರು. ಮಿಡತೆ ಸಂಜೆ ಹೋಗಿ ಬಿಸ್ಕತ್ತು ತಿಂದು ಬರುತ್ತಿದ್ದಳು. ಆಮೇಲೆ ಕಟ್ಟಡದ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ತುಟಿಗಳನ್ನು ಒಳಗೆ ಮಡಚಿ, ಕೈಬೆರಳನ್ನೇ ಕರ್ಚೀಫು ಮಾಡಿ ಅದೇ ಮಾತನ್ನು ಆಡಿ ತೋರಿಸುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹೊಸ ಜಾಗದಲ್ಲಿ ಅಷ್ಟು ಬೇಗ ಗೆಳೆಯರನ್ನು ಮಾಡಿಕೊಟ್ಟ ಆಟ ಅದು.

ಐದನೆಯ ದಿನ ಮಧ್ಯಾಹ್ನ ದೊಡ್ಡಪ್ಪ ತಯಾರಾದ ಸೆಟ್ಟುಗಳನ್ನು ಡಾಕ್ಟರರಿಗೆ ಕೊಟ್ಟು ಬರಲು ಹೊರಟರು. ದೊಡ್ಡಮ್ಮ ಊಟ ಮುಗಿಸಿ ಒಂದು ಗಳಿಗೆ ಅಡ್ಡಾದರು. ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ. ಆ ಮನೆಯಲ್ಲಿ ಅದಕ್ಕೆ ಬೀಗ ಬೇಕೆಂದು ಯಾರಿಗೂ ತೋಚಿರಲಿಲ್ಲ. ಮಿಡತೆ ಒಳಗೆ ಹೋಗಿ ಸ್ಟೂಲಿನ ಮೇಲೆ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಷ್ಟು ಹೊತ್ತು ಮಾತು ಕೇಳಿದಳು ಎನ್ನಬೇಕು.

ಆಮೇಲೆ ಕಪಾಟು ನೋಡಿದಳು. ಐದು ಸಾಲು, ಎಲ್ಲರೂ ಬಾಯಿ ತೆರೆದು ಕೂತಿದ್ದಾರೆ, ಟೀಚರು ಮಾತ್ರ ಇಲ್ಲ. ಇದು ಶಾಲೆಯಲ್ಲದೆ ಮತ್ತೇನು? ಅವಳು ಅಚ್ಚುಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲೆ ಸಾಲಾಗಿ ಕೂರಿಸಿದಳು. ಹಲ್ಲಿದ್ದವರು ಮುಂದೆ, ಹಲ್ಲಿಲ್ಲದವರು ಹಿಂದೆ. ಮೇಣ ಕೆತ್ತುವ ಚಾಕು ಟೀಚರ ಬೆತ್ತವಾಯಿತು. ಟೀಚರು ಮೊದಲು ಮಾಡುವ ಕೆಲಸ ಹಾಜರಿ ಕೂಗುವುದು. ಹಾಜರಿಗೆ ಹೆಸರು ಬೇಕು. ಹೆಸರುಗಳೆಲ್ಲ ಚೀಟಿಗಳಲ್ಲಿದ್ದವು. ಅವಳು ಎಲ್ಲ ಚೀಟಿಗಳನ್ನೂ ಒಟ್ಟು ಮಾಡಿ ಎಡಗೈಯಲ್ಲಿ ಹಿಡಿದುಕೊಂಡಳು.

"ದರ್ಜಿ, ನೂರಾ ಹದಿನೇಳು."

"ಬಂದಿದೀನಿ ಟೀಚರ್."

"ಬ್ಯಾಂಕಿನವರು, ನೂರಾ ಇಪ್ಪತ್ತು. ಯಾಕ್ರೀ ಹಲ್ಲುಜ್ಜಿಲ್ಲ?"

ಹೀಗೆ ಹಾಜರಿ ಮುಗಿದು, ಮಗ್ಗಿ ಶುರುವಾಗಿ, ಬ್ಯಾಂಕಿನವರು ಏಳರ ಮಗ್ಗಿಯಲ್ಲಿ ತಪ್ಪಿ ನಿಂತಿರುವಾಗ ಹೊರಬಾಗಿಲಿನಲ್ಲಿ ಬೀಗದಕೈ ತಿರುಗಿದ ಸದ್ದಾಯಿತು. ದೊಡ್ಡಪ್ಪ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳು ಶಾಲೆ ಬಿಡಿಸಬೇಕಾಗಿತ್ತು. ಅವಳಿಗೆ ನೆನಪಿನ ಶಕ್ತಿ ಚೆನ್ನಾಗಿತ್ತು. ಹಲ್ಲಿದ್ದವರದ್ದೆಲ್ಲ ಗುರುತು ಸಿಕ್ಕಿತು. ಬಲಗಡೆ ಅಗಿಯುವವರು, ದಾರ ಕಡಿಯುವವರು, ಎಲ್ಲರ ಕೆಳಗೂ ಅವರವರ ಚೀಟಿ ಹೋಯಿತು. ಕೊನೆಗೆ ಕೈಯಲ್ಲಿ ಎರಡು ಚೀಟಿ, ನೆಲದ ಮೇಲೆ ಬೋಳು ಒಸಡಿನ ಎರಡು ಜೋಡಿ ಉಳಿದವು. ಒಂದು ಚೀಟಿ ಕೆಳಮನೆ ಅಜ್ಜಿಯದು, ಇನ್ನೊಂದು ಯಾರೋ ಬಡಗಿಯದು. ಯಾವ ಬಾಯಿ ಯಾರದು? ಎರಡೂ ಒಂದೇ ಥರ ಕಂಡವು. ಹೆಜ್ಜೆ ಸದ್ದು ಹತ್ತಿರ ಬಂತು. ಅವಳು ಕಣ್ಣು ಮುಚ್ಚಿ ಒಂದನ್ನು ಇಲ್ಲಿಟ್ಟಳು, ಇನ್ನೊಂದನ್ನು ಅಲ್ಲಿಟ್ಟಳು.

ದೊಡ್ಡಪ್ಪ ಒಳಗೆ ಬಂದಾಗ ಅವಳು ಸ್ಟೂಲಿನ ಮೇಲೆ, ಕೈ ಎರಡೂ ತೊಡೆಯ ಮೇಲೆ. "ಜಾಣೆ" ಎಂದು ತಲೆ ಸವರಿದರು.

ಮರುದಿನ ಅವರು ಅಜ್ಜಿಯ ಚೀಟಿಯಿದ್ದ ಅಚ್ಚನ್ನು ಮೇಜಿನ ಮೇಲೆ ತಂದಿಟ್ಟುಕೊಂಡು ಕೆಲಸಕ್ಕೆ ಕೂತರು. ಹೆಬ್ಬೆರಳನ್ನು ಒಸಡಿನ ಮೇಲೆ ಒಮ್ಮೆ ಆಡಿಸಿ ನಿಲ್ಲಿಸಿದರು. ಅಚ್ಚನ್ನು ಅಂಗೈಯಲ್ಲಿ ತೂಗಿದರು.

"ಅಜ್ಜಿ ಬಾಯಿ ಇಷ್ಟು ಅಗಲ ಇತ್ತಾ?" ಎಂದರು ತಮ್ಮಷ್ಟಕ್ಕೆ.

ಸ್ಟೂಲಿನ ಮೇಲಿದ್ದ ಮಿಡತೆ ಕೈಗಳನ್ನು ತೊಡೆಗೆ ಒತ್ತಿ ಹಿಡಿದಳು. ದೊಡ್ಡಪ್ಪ ಚೀಟಿ ಎತ್ತಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅದು ಅವರದೇ ಕೈಬರಹ. "ನನ್ನ ಕೈಗೇ ಮರೆವು ಬಂತೋ ಏನೋ" ಎಂದು ನಕ್ಕು, ದೀಪ ಹಚ್ಚಿ ಮೇಣ ಕರಗಿಸತೊಡಗಿದರು. ಆಗ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹೇಳಿದರೆ ಸ್ಟೂಲು ಹೋಗುತ್ತದೆ, 'ಜಾಣೆ' ಎಂಬ ಮಾತೂ ಹೋಗುತ್ತದೆ. ಕಣ್ಣು ಮುಚ್ಚಿ ಇಟ್ಟದ್ದು ಸರಿಯೇ ಇರಬಹುದು ಎಂದುಕೊಂಡು ಅವಳು ಸುಮ್ಮನಿದ್ದಳು.

ಮೂರು ದಿನ ದೊಡ್ಡಪ್ಪ ಆ ಸೆಟ್ಟಿನ ಮೇಲೆ ಬಗ್ಗಿ ಕುಳಿತರು. ಅಜ್ಜಿಯ ವಯಸ್ಸಿಗೆ ತಕ್ಕ ಬಣ್ಣ ಆರಿಸಿ, ಮುಂದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರು. "ಇವರಿಗೆ ಹಳೇ ಹಲ್ಲಲ್ಲಿ ಈ ಸಂದು ಇತ್ತು. ತಂಗಿ ನೋಡಿದ ತಕ್ಷಣ ಗುರುತು ಹಿಡೀಬೇಕು" ಎಂದರು.

ಶನಿವಾರ ಬೆಳಿಗ್ಗೆ ಡಾಕ್ಟರರ ಬಳಿ ಹೋದ ಅಜ್ಜಿ, ಹತ್ತೂವರೆಗೆ ನೇರವಾಗಿ ನಾಲ್ಕನೆಯ ಅಂತಸ್ತಿಗೆ ಬಂದರು. ಡಾಕ್ಟರರು ಅವಸರದಲ್ಲಿದ್ದರಂತೆ, ಒಂದೆರಡು ದಿನದಲ್ಲಿ ಒಗ್ಗುತ್ತದೆ ಎಂದು ಕೂರಿಸಿ ಕಳಿಸಿದ್ದರು. ಬಾಗಿಲು ತೆರೆದವಳು ಮಿಡತೆ. ಅಜ್ಜಿ ಕರ್ಚೀಫು ತೆಗೆದರು. ಅವರ ಸಣ್ಣ ಮುಖದಲ್ಲಿ ಬಡಗಿಯ ಅಳತೆಯ ಹಲ್ಲು ತುಂಬಿ, ಮೇಲ್ತುಟಿ ಮುಂದೆ ಬಂದು, ಬಾಯಿ ಮುಚ್ಚಲೇ ಆಗುತ್ತಿರಲಿಲ್ಲ. "ನಿಮ್ಮ ದೊಡ್ಡಪ್ಪನ್ನ ಕರಿ" ಎನ್ನಲು ಹೊರಟಾಗ ಮೇಲಿನ ಸೆಟ್ಟು ಟಕ್ಕೆಂದು ಕೆಳಗಿನದರ ಮೇಲೆ ಬಿತ್ತು.

ಮಿಡತೆ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ, ಬಾಯಿಯಿಂದ ನಗು ಜಾರಿಬಿತ್ತು. ನಗುತ್ತಿರುವಾಗಲೇ ಅವಳಿಗೆ ಗೊತ್ತಾಯಿತು, ಆ ಎರಡು ಚೀಟಿಗಳಲ್ಲಿ ತಾನು ಯಾವುದನ್ನು ಎಲ್ಲಿಟ್ಟಿದ್ದೆ ಎಂಬುದು. ನಗು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಅಜ್ಜಿ ಕರ್ಚೀಫನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದಿದ್ದರು.

ದೊಡ್ಡಪ್ಪ ಬಂದು, ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದರು. ಒಂದೇ ನೋಟ ಸಾಕಾಯಿತು. ಮುಖದ ಬಣ್ಣ ಇಳಿದುಹೋಯಿತು.

"ಇದು ನಿಮ್ಮದಲ್ಲ ಅಮ್ಮ" ಎಂದರು. "ತಪ್ಪು ನನ್ನದೇ. ಹೊಸ ಸೆಟ್ಟು ಮಾಡೋಕೆ ಇನ್ನು ಹತ್ತು ದಿನವಾದ್ರೂ ಬೇಕು."

"ನಾಳೆ ತಂಗಿ ಬರ್ತಾಳಪ್ಪ" ಎಂದರು ಅಜ್ಜಿ ಕರ್ಚೀಫಿನ ಹಿಂದಿನಿಂದ. ಬೈಯಲಿಲ್ಲ. ಹಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಇಳಿದುಹೋದರು.

ಡಾಕ್ಟರರು ಸಂಜೆ ಫೋನು ಮಾಡಿ, "ಒಂದ್ಸಲ ಆಗುತ್ತೆ, ಬಿಡಿ" ಎಂದರಂತೆ. ದೊಡ್ಡಪ್ಪನಿಗೆ ಅದು ಸಮಾಧಾನವಾಗಲಿಲ್ಲ. ಭಾನುವಾರವಿಡೀ ಕೋಣೆಯಲ್ಲಿ ಕುಳಿತು, ಒಂದೊಂದೇ ಚೀಟಿ ಎತ್ತಿ ತಮ್ಮ ಕೈಬರಹವನ್ನು ಬೇರೆಯವರ ಬರಹವೆಂಬಂತೆ ನೋಡಿದರು. ಊಟಕ್ಕೆ ಕುಳಿತಾಗ ಪಲ್ಯದ ಬಟ್ಟಲು ಕೈಯಲ್ಲಿ ಹಿಡಿದು, "ಇವತ್ತು ತಾರೀಕು ಎಷ್ಟು? ತಡಿ, ಹೇಳ್ಬೇಡ. ನಾನೇ ಹೇಳ್ತೀನಿ" ಎಂದರು. ಸರಿಯಾಗಿ ಹೇಳಿದರು. ಆದರೂ ಮುಖ ತಿಳಿಯಾಗಲಿಲ್ಲ.

"ಅಣ್ಣನಿಗೂ ಹೀಗೇ ಶುರುವಾಗಿದ್ದು ಕಣೇ" ಎಂದರು ಹೆಂಡತಿಗೆ. "ಮೊದಲು ಬೀಗದಕೈ ಮರೆತ. ಆಮೇಲೆ ಮನೆ ದಾರಿ. ಕೊನೆಗೆ ನನ್ನೇ ಯಾರು ಅಂತ ಕೇಳಿದ."

"ಒಂದು ಚೀಟಿ ತಪ್ಪಿದ್ದಕ್ಕೆ ಎಲ್ಲಿಂದ ಎಲ್ಲಿಗೆ ಹೋಗ್ತೀರಿ ನೀವು?"

"ಕೈ ಹೇಳ್ತಿತ್ತು, ಇದು ಅಜ್ಜಿ ಬಾಯಲ್ಲ ಅಂತ. ಚೀಟಿ ಹೌದು ಅಂತು. ಎರಡೂ ನನ್ನವೇ. ಎರಡರಲ್ಲಿ ಒಂದು ಕೆಟ್ಟಿದೆ. ಮುಂದೆ ಯಾವುದನ್ನ ನಂಬಬೇಕು ಅಂತ ನನಗೆ ಗೊತ್ತಾಗ್ತಿಲ್ಲ. ಗೊತ್ತಾಗದ ಮೇಲೆ ಇನ್ನೊಬ್ಬರ ಬಾಯಿ ನಾನು ಮುಟ್ಟಬಾರದು. ಡಾಕ್ಟ್ರಿಗೆ ಬರೆದುಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಿ ಅಂತ."

ಮಿಡತೆಯ ತಟ್ಟೆಯಲ್ಲಿ ಅನ್ನ ಹಾಗೆಯೇ ಇತ್ತು. ದೊಡ್ಡಪ್ಪ ಅದನ್ನು ಗಮನಿಸಿ, "ನೀನ್ಯಾಕೆ ಸಪ್ಪಗಿದೀಯ ಮಗು? ತಿನ್ನು" ಎಂದು ಅವಳ ತಟ್ಟೆಗೆ ತಮ್ಮ ಪಾಲಿನ ಪಲ್ಯ ಹಾಕಿದರು. ಅದನ್ನು ಅವಳು ನುಂಗಿದಳು. ಬೈದಿದ್ದರೆ, ಕಿವಿ ಹಿಂಡಿದ್ದರೆ, ಅವಳಿಗೆ ಅಭ್ಯಾಸವಿತ್ತು. ತಾನು ಮಾಡಿದ ತಪ್ಪಿಗೆ ಇನ್ನೊಬ್ಬರು ತಮ್ಮನ್ನೇ ಬೈದುಕೊಳ್ಳುವುದನ್ನು ಎದುರು ಕುಳಿತು ನೋಡುವುದು ಹೊಸದಾಗಿತ್ತು.

ಸೋಮವಾರ ದೊಡ್ಡಪ್ಪ ಕಾಗದ ಬರೆದು, ಲಕೋಟೆ ಅಂಟಿಸಿ ಮಿಡತೆಯನ್ನು ಕರೆದರು. "ಬೀದಿ ತುದೀಲಿ ಅಂಚೆ ಡಬ್ಬ ಇದೆಯಲ್ಲ, ಇದನ್ನ ಹಾಕಿ ಬಾ. ನನಗೆ ಹೋಗೋಕೆ ಕಾಲು ಬರ್ತಿಲ್ಲ."

ಲಿಫ್ಟು ಇದ್ದರೂ ಅವಳು ಮೆಟ್ಟಿಲಿಳಿದು ಹೋದಳು. ಅಜ್ಜಿಯ ಬಾಗಿಲ ಹಿಂದೆ ಒಂದೇ ದನಿ ಮಾತಾಡುತ್ತಿತ್ತು. ಅದು ತಂಗಿಯದಿರಬೇಕು, ಉತ್ತರ ಕೇಳಿಸಲಿಲ್ಲ. ಬೀದಿಯಲ್ಲಿ ಬೇಕರಿಯ ಗಾಜಿನೊಳಗೆ ತನ್ನ ಮುಖ ಕಂಡು ಅವಳು ಆ ಬದಿ ಬಿಟ್ಟು ಈ ಬದಿಗೆ ಬಂದಳು. ಅಂಚೆ ಡಬ್ಬದ ಬಾಯಿಗೆ ಲಕೋಟೆಯ ತುದಿ ಇಟ್ಟಳು. ಬಿಟ್ಟರೆ ದೊಡ್ಡಪ್ಪನ ಕೋಣೆ ಮುಚ್ಚಿತು. ಹರಿದು ಮೋರಿಗೆ ಎಸೆದರೆ? ಅದು ಅವಳಿಗೆ ಸುಲಭವಾದ ಕೆಲಸ. ಅಂಥದ್ದರಲ್ಲಿ ಅವಳ ಕೈ ಪಳಗಿತ್ತು. ಆದರೆ ದೊಡ್ಡಪ್ಪ ಇನ್ನೊಂದು ಬರೆಯುತ್ತಾರೆ. ಕಾಗದ ಇಲ್ಲವಾದರೂ ಅವರ ತಲೆಯೊಳಗಿನ ಹೆದರಿಕೆ ಇಲ್ಲವಾಗುವುದಿಲ್ಲ. ಅದನ್ನು ತೆಗೆಯುವ ಮಾತು ಇರುವುದು ತನ್ನ ಬಾಯಲ್ಲಿ ಮಾತ್ರ ಎಂಬುದು ಆ ಒಂಬತ್ತು ವರ್ಷದ ತಲೆಗೆ ಅಲ್ಲಿ ಹೊಳೆಯಿತು. ಯಾರೋ ಹಿಂದಿನಿಂದ, "ಹಾಕೋದಾದ್ರೆ ಹಾಕಮ್ಮ, ನಂದೂ ಇದೆ" ಎಂದರು. ಅವಳು ಲಕೋಟೆ ಹಿಡಿದುಕೊಂಡೇ ಹಿಂದಿರುಗಿದಳು.

"ಹಾಕಿದ್ಯಾ?" ಎಂದರು ದೊಡ್ಡಪ್ಪ.

"ಡಬ್ಬ ತುಂಬಿತ್ತು" ಎಂದಳು ಮಿಡತೆ. ಹೇಳಿದ ಮೇಲೆ ಆ ಸುಳ್ಳಿಗೂ ನಾಚಿಕೆಯಾಗಿ, ಬೆವರಿನಿಂದ ನೆಂದ ಲಕೋಟೆಯನ್ನು ಅವರ ಮುಂದಿಟ್ಟು, ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಶಾಲೆ ಆಟ, ಹಾಜರಿ, ಎರಡು ಚೀಟಿ. "ನೀವು ಅಗಲ ಇದೆ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಸುಮ್ನಿದ್ದೆ" ಎಂಬುದನ್ನೂ ಬಿಡಲಿಲ್ಲ.

ದೊಡ್ಡಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಅವಳ ಕಿವಿ ಹಿಂಡಿದರು. ದೊಡ್ಡಪ್ಪ ಕಪಾಟಿನ ಬಳಿ ಹೋಗಿ ಎರಡು ಬೋಳು ಅಚ್ಚುಗಳನ್ನೂ ತಂದರು. ಚೀಟಿಗಳನ್ನು ದೂರ ಸರಿಸಿದರು. ಕಣ್ಣು ಮುಚ್ಚಿಕೊಂಡು ಒಂದರ ಮೇಲೆ ಹೆಬ್ಬೆರಳು ಆಡಿಸಿ, "ಇದು ಬಡಗಿ. ಬಾಯಲ್ಲಿ ಮೊಳೆ ಕಚ್ಚಿ ಹಿಡಿದವನ ಅಗಲ ದವಡೆ" ಎಂದರು. ಇನ್ನೊಂದನ್ನು ಮುಟ್ಟಿ, "ಇದು ಅಜ್ಜಿ" ಎಂದರು. ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

"ಕೈ ಕೆಟ್ಟಿಲ್ಲ ಕಣೇ" ಎಂದರು ಹೆಂಡತಿಗೆ. "ಕೈ ಸರಿಯಾಗೇ ಹೇಳಿತ್ತು." ಅವರು ನಗತೊಡಗಿದರು. ಒಮ್ಮೆ ನಗು ನಿಂತು, ಮತ್ತೆ ಬಂತು. ಮಿಡತೆಯ ಕಡೆ ತಿರುಗಿ, "ಒಳ್ಳೇದು ಮಾಡಿದೆ ಮಗು, ಹೇಳಿದ್ದು" ಎಂದರು.

ಆ ಮಾತು ಕಿವಿ ಹಿಂಡಿದ್ದಕ್ಕಿಂತ ಹೆಚ್ಚು ಸುಟ್ಟಿತು. ಮೂರು ದಿನ ಒಬ್ಬ ಮನುಷ್ಯ ತನಗೆ ಮರೆವಿನ ರೋಗ ಹಿಡಿಯುತ್ತಿದೆ ಎಂದು ಹೆದರಿ ಕುಳಿತಿದ್ದ. ಆ ಹೆದರಿಕೆ ತೆಗೆದದ್ದಕ್ಕೆ, ಅದನ್ನು ತಂದಿಟ್ಟವಳಿಗೇ ಧನ್ಯವಾದ ಹೇಳುತ್ತಿದ್ದ. ಮಿಡತೆಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ದೊಡ್ಡಪ್ಪ ಲಕೋಟೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದು ಮನೆ ಇದೆ. ಬಾಗಿಲ ತನಕ ನಾನು ಬರ್ತೀನಿ. ಮಾತು ನಿಂದು" ಎಂದರು.

ಕೆಳಮನೆಯ ಅಜ್ಜಿ ಮತ್ತು ತಂಗಿ ಎದುರುಬದುರು ಕುಳಿತಿದ್ದರು. ಅಜ್ಜಿಯ ಬಾಯಿಗೆ ಕರ್ಚೀಫು ಅಡ್ಡವಿತ್ತು. ಮಿಡತೆ ಹೊಸ್ತಿಲಲ್ಲೇ ನಿಂತು, ಎರಡನೆಯ ಸಲ ಅದೇ ಕಥೆ ಹೇಳಿದಳು. ಎರಡನೆಯ ಸಲವೆಂದು ಸುಲಭವಾಗಲಿಲ್ಲ. ಅಜ್ಜಿ ಕೊನೆಯವರೆಗೂ ಕೇಳಿ, ಬೆರಳಿನಿಂದ ಹತ್ತಿರ ಕರೆದರು.

"ಮೆಟ್ಟಿಲ ಮೇಲೆ ಕೂತು ನನ್ನ ಹಾಗೆ ಮಾತಾಡಿ ತೋರಿಶ್ತೀಯಂತಲ್ಲ" ಎಂದರು. "ಎಷ್ಟು ಶಲ ನನ್ನ ಬಾಗಿಲ ತನಕ ಕೇಳಿಶಿದೆ. ಎಲ್ಲಿ, ನನ್ನ ತಂಗಿಗೂ ತೋರಿಶು."

ಮಿಡತೆ ತುಟಿಗಳನ್ನು ಒಳಗೆ ಮಡಚಲು ಹೋದಳು. ಆಗಲಿಲ್ಲ. ಅಷ್ಟು ದಿನ ಕೇಳಿಸಿಕೊಂಡೇ, ಸಂಜೆ ಬಾ ಎಂದು ಕರೆದು ಬಿಸ್ಕತ್ತು ಕೊಟ್ಟಿದ್ದರಲ್ಲ, ಆ ಒಂದೊಂದು ಬಿಸ್ಕತ್ತೂ ಅವಳಿಗೆ ಈಗ ನೆನಪಾಯಿತು.

"ಬರಲ್ವಾ?" ಎಂದರು ಅಜ್ಜಿ. "ಹಾಗಾದ್ರೆ ನಾನೇ ಮಾತಾಡ್ಬೇಕು." ಕರ್ಚೀಫನ್ನು ತೊಡೆಯ ಮೇಲೆ ಮಡಚಿಟ್ಟು, ಕುಗ್ಗಿದ ಬಾಯಿಯನ್ನು ತಂಗಿಯ ಕಡೆ ತಿರುಗಿಸಿದರು. "ಏನು ನೋಡ್ತೀಯ? ಎಲ್ಲಾ ಹೋಗಿದೆ. ಹತ್ತು ದಿನ ಇರು, ಹಲ್ಲಪ್ಪ ಕೊಡ್ತಾನೆ."

ತಂಗಿ ಏನು ಹೇಳಿದರೆಂದು ಮಿಡತೆ ಕೇಳಿಸಿಕೊಳ್ಳಲಿಲ್ಲ. ದೊಡ್ಡಪ್ಪ ಅವಳ ಭುಜ ಮುಟ್ಟಿ ಮೆಟ್ಟಿಲ ಕಡೆ ಕರೆದುಕೊಂಡು ಹೋದರು. ಮುಂದಿನ ದಿನಗಳಲ್ಲಿ ಆ ಕಟ್ಟಡದ ಲಿಫ್ಟು ಒತ್ತಿದ ಅಂತಸ್ತಿನಲ್ಲಿ ಮಾತ್ರ ನಿಂತಿತು. ಅಜ್ಜಿಯ ಹೊಸ ಸೆಟ್ಟು ಮುಗಿಯುವ ಮೊದಲೇ ಮಿಡತೆಯ ರಜೆ ಮುಗಿದು, ಅವಳು ಊರಿಗೆ ಹೊರಟಳು. ಸಂದು ಬಿಟ್ಟ ಹಲ್ಲಿನಲ್ಲಿ ಅಜ್ಜಿ ನಕ್ಕದ್ದನ್ನು ಅವಳು ನೋಡಲಿಲ್ಲ. ದೊಡ್ಡಮ್ಮ ಕಾಗದದಲ್ಲಿ ಬರೆದದ್ದನ್ನು ಓದಿದಳು, ಅಷ್ಟೆ.

ದೊಡ್ಡಪ್ಪ ಆಮೇಲೆ ಇನ್ನೂ ಹನ್ನೊಂದು ವರ್ಷ ಹಲ್ಲು ಕಟ್ಟಿದರು. ಕೆಲಸ ಬಿಟ್ಟದ್ದು ಬೆನ್ನು ಬಗ್ಗದಾದಾಗ. ಕೈ ಕೊನೆಯ ತನಕ ನೆಟ್ಟಗಿತ್ತು. ಕೋಣೆ ಖಾಲಿ ಮಾಡುವ ವಾರ ಮಿಡತೆ ನೆರವಿಗೆಂದು ಹೋದಳು. ಆಗ ಅವಳನ್ನು ಮಿಡತೆ ಎನ್ನುವವರು ಮನೆಯಲ್ಲಿ ಇಬ್ಬರು ಮೂವರು ಮಾತ್ರ ಉಳಿದಿದ್ದರು. ಅವಳು ಕಪಾಟಿನಿಂದ ಅಚ್ಚುಗಳನ್ನು ಇಳಿಸಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದಳು. ಒಂದನ್ನು ಎತ್ತಿದಾಗ ಕೆಳಗೆ ಚೀಟಿ ಇರಲಿಲ್ಲ. ಇನ್ನೊಂದರ ಕೆಳಗೂ ಇರಲಿಲ್ಲ. ತಿರುಗಿಸಿ ನೋಡಿದಳು. ಪ್ರತಿ ಬಾಯಿಯ ಬೆನ್ನ ಮೇಲೂ ಪೆನ್ಸಿಲಿನಲ್ಲಿ, ದೊಡ್ಡಪ್ಪನ ದುಂಡು ಅಕ್ಷರದಲ್ಲಿ, ಬಹಳ ಸಣ್ಣದಾಗಿ ನಂಬರು ಬರೆದಿತ್ತು. ಒತ್ತಿ ಬರೆದಿರಲಿಲ್ಲ, ನೋವಾಗುತ್ತದೇನೋ ಎಂಬಂತೆ ಮೆಲ್ಲಗೆ ಬರೆದಿದ್ದರು.

"ಇದರ ಮೇಲೇ ಬರೆಯೋಕೆ ಶುರು ಮಾಡಿದ್ರಾ ದೊಡ್ಡಪ್ಪ?"

ಕುರ್ಚಿಯಲ್ಲಿ ಒರಗಿದ್ದ ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತ, "ಹೌದಮ್ಮ. ನಿಮ್ಮ ದೊಡ್ಡಮ್ಮ ಹೇಳಿದ್ದೇ ಸರಿ. ಇದೇ ಸುಲಭ" ಎಂದರು.

ಎಂದಿನಿಂದ ಎಂದು ಅವಳು ಕೇಳಲಿಲ್ಲ. ಪತ್ರಿಕೆಯ ಹಾಳೆ ಹರಿದು, ನಂಬರು ಅಳಿಸಿಹೋಗದಂತೆ ಬೆರಳನ್ನು ಅಂಚಿನಲ್ಲಿಟ್ಟು, ತಲೆ ಎತ್ತದೆ ಮುಂದಿನ ಬಾಯಿಯನ್ನು ಸುತ್ತತೊಡಗಿದಳು.